ಒಂದೂಮುಕ್ಕಾಲು ಯೂನಿಟ್ಟಿನ ಸಂಸಾರ

ಸ್ವಂತ ಮನೆ ಕಟ್ಟಿಸಿದವರನ್ನು ಯಾರನ್ನು ಬೇಕಾದರೂ ಮಾತಾಡಿಸಿ ನೋಡಿ, ಒಂದೊಂದು ಕೊರತೆ ಹೇಳಿಯೇ ಹೇಳುತ್ತಾರೆ. ಒಬ್ಬರಿಗೆ ಅಡುಗೆಮನೆ ಇಕ್ಕಟ್ಟು, ಇನ್ನೊಬ್ಬರಿಗೆ ಮೆಟ್ಟಿಲು ಕಡಿದು, ಮತ್ತೊಬ್ಬರಿಗೆ ಮೇಸ್ತ್ರಿಯ ಮುಖವೇ ಆಗದು. ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಒಂದು ಕೊರತೆ. ಕರೆಂಟ್ ಇರಲಿಲ್ಲ.

ಕೆಂಗೇರಿ ಉಪನಗರ ದಾಟಿ, ಆಟೋದವರು ‘ಅಲ್ಲಿಗಾ ಸಾರ್’ ಎಂದು ನಿಟ್ಟುಸಿರು ಬಿಡುವಷ್ಟು ಮುಂದೆ ಹೋದರೆ ನಮ್ಮ ಬಡಾವಣೆ ಸಿಗುತ್ತದೆ. ಒಂದು ನಡುಮನೆ, ಎರಡು ರೂಮು, ಮುಂದೆ ಪುಟ್ಟದೊಂದು ಪೋರ್ಟಿಕೋ. ರಸ್ತೆಗೆ ಕಂಬ ಬಂದಿತ್ತು, ಕಂಬಕ್ಕೆ ತಂತಿ ಬಂದಿತ್ತು, ಮನೆಗೆ ಮೀಟರ್ ಮಾತ್ರ ಬರಲಿಲ್ಲ. ಮೀಟರಿಗೆ ಒಂದು ಪ್ರಮಾಣಪತ್ರ ಬೇಕು, ಆ ಪ್ರಮಾಣಪತ್ರಕ್ಕೆ ಇನ್ನೊಂದು ಪ್ರಮಾಣಪತ್ರ ಬೇಕು, ಆ ಇನ್ನೊಂದನ್ನು ಕೊಡಬೇಕಾದವರು ರಜೆಯಲ್ಲಿದ್ದರು. (ಎಷ್ಟು ದಿನದ ರಜೆ ಎಂದು ಕೇಳಿದೆ. ರಜಾ ಚೀಟಿಯೇ ಇನ್ನೂ ಬಂದಿಲ್ಲ ಎಂದರು.)

ದೀಪಾವಳಿ ಕಳೆದ ಮೇಲೆ ಹೋದರಾಯಿತು ಎಂದು ನಾನು ಸೂಚಿಸಿದೆ. ನನ್ನ ಹೆಂಡತಿ ಸತ್ಯವತಿ ಪಂಚಾಂಗ ತಂದು ಮುಂದಿಟ್ಟಳು. ಆಷಾಢದಲ್ಲಿ ಗೃಹಪ್ರವೇಶ ಮಾಡುವ ಹಾಗಿಲ್ಲ, ಅದಾದ ಮೇಲೆ ನಾನು ಒಂದಲ್ಲ ಒಂದು ನೆಪ ಹೇಳದೆ ಇರುವ ಹಾಗಿಲ್ಲ, ಆದ್ದರಿಂದ ಜ್ಯೇಷ್ಠದಲ್ಲೇ ಆ ಮನೆಯಲ್ಲಿ ಹಾಲು ಉಕ್ಕಬೇಕು ಎಂದು ತೀರ್ಪಾಯಿತು.

ಅವಳ ಆತುರಕ್ಕೆ ಕಾರಣ ಗೊತ್ತಾಗಬೇಕಾದರೆ ನಮ್ಮ ಬಾಡಿಗೆ ಮನೆಯ ಚರಿತ್ರೆ ಹೇಳಬೇಕು. ಗೋವಿಂದರಾಜನಗರದಲ್ಲಿ ಒಂದನೇ ಮಹಡಿ. ಕೆಳಗೆ ಓನರಮ್ಮ ಭುವನೇಶ್ವರಿ. ಎರಡು ಮನೆಗೂ ಸೇರಿ ಒಂದೇ ಮೀಟರು, ಅದು ಇದ್ದದ್ದು ಆಕೆಯ ಬಾಗಿಲ ಪಕ್ಕ. ಬೇರೆಯವರು ಧಾರಾವಾಹಿ ನೋಡುವ ಹಾಗೆ ಆಕೆ ಮೀಟರ್ ನೋಡುತ್ತಿದ್ದರು. ಅದರ ಕೆಂಪು ದೀಪ ಸ್ವಲ್ಪ ಬೇಗ ಬೇಗ ಮಿಣುಕಿತೋ, ಕೆಳಗಿನಿಂದ ಧ್ವನಿ ಬರುತ್ತಿತ್ತು: “ಸತ್ಯಾ, ಲೈಟು.” ಎರಡೇ ಪದ. ಬೈಗುಳವಿಲ್ಲ, ಜಗಳವಿಲ್ಲ. ಆಕೆ ಕೆಟ್ಟವರಲ್ಲ. ನಮ್ಮ ಮಗಳು ಅಪೂರ್ವಳ ಮದುವೆಯಲ್ಲಿ ಮೂರು ದಿನ ಟೊಂಕ ಕಟ್ಟಿ ನಿಂತಿದ್ದರು. ಕತ್ತಲಲ್ಲಿ ನಿಲ್ಲಿ ಎಂದಿದ್ದರೂ ನಿಲ್ಲುತ್ತಿದ್ದರು, ಅದು ಬೇರೆ ಮಾತು.

ಹತ್ತೊಂಬತ್ತು ವರ್ಷ ಈ ಎರಡು ಪದಗಳ ಕೆಳಗೆ (ಅಲ್ಲ, ಮೇಲೆ) ಬಾಳಿದ ಸತ್ಯವತಿ ಕತ್ತಲ ವಿದ್ಯೆಯಲ್ಲಿ ಪಾರಂಗತಳಾಗಿದ್ದಳು. ಸಂಜೆಯ ಮಬ್ಬಿನಲ್ಲಿ ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. ಸಾಸಿವೆ ಯಾವುದು ಮೆಂತ್ಯ ಯಾವುದು ಎಂದು ಬೆರಳ ತುದಿಯಲ್ಲಿ ಹೇಳುತ್ತಿದ್ದಳು. ಅಪೂರ್ವ ತನ್ನ ಮೊದಲ ಸಂಬಳದಲ್ಲಿ ಕೊಡಿಸಿದ್ದ ಗ್ರೈಂಡರ್ ಆರು ವರ್ಷ ಅಟ್ಟದ ಮೇಲೆ ಪೆಟ್ಟಿಗೆಯಲ್ಲೇ ಇತ್ತು. ಅದನ್ನು ಹಾಕಿದ ಒಂದೇ ಒಂದು ದಿನ ಆ ಕೆಂಪು ದೀಪ ಆಂಬುಲೆನ್ಸಿನ ಹಾಗೆ ಮಿಣುಕಿತ್ತಂತೆ. ಫ್ರಿಜ್ಜಿಗೆ ಮಾತ್ರ ಓನರಮ್ಮನ ಅಭಯವಿತ್ತು, ಏಕೆಂದರೆ ಆಕೆಯ ಪೂಜೆಯ ಹೂವೂ ಅದರಲ್ಲೇ ಇರುತ್ತಿತ್ತು.

ಒಂದು ದಿನ ಬಟ್ಟೆ ಮಡಚುತ್ತಾ ಸತ್ಯವತಿ ಹೇಳಿದಳು: “ನನ್ನ ಮನೇಲಿ ನಾನೊಂದು ಲೈಟ್ ಹಾಕಿದ್ರೆ ಯಾರೂ ಏನೂ ಅನ್ನಬಾರ್ದು ರೀ. ನಂಗೆ ಬೇಕಿರೋದು ಅಷ್ಟೇ.”

ಇಪ್ಪತ್ತೇಳು ವರ್ಷದ ದಾಂಪತ್ಯದಲ್ಲಿ ಒಡವೆ ಕೇಳಿದವಳಲ್ಲ, ಕಾಶ್ಮೀರ ಕೇಳಿದವಳಲ್ಲ. ನನ್ನ ಎದೆ ಉಬ್ಬಿತು. ಸರ್ಕಾರದ ಕರೆಂಟ್ ಬಾರದಿದ್ದರೇನು, ಸೂರ್ಯನಾರಾಯಣನಿಂದ ನೇರವಾಗಿ ತರುತ್ತೇನೆ ಎಂದು ಸಾರಿದೆ. ನಾನು ರಾಜಾಜಿನಗರದ ಹೈಸ್ಕೂಲೊಂದರಲ್ಲಿ ಇಪ್ಪತ್ತೆಂಟು ವರ್ಷದಿಂದ ಚರಿತ್ರೆ ಪಾಠ ಹೇಳುವ ಮೇಷ್ಟ್ರು. ವಿದ್ಯುತ್ತಿಗೂ ನನಗೂ ಇದ್ದ ಸಂಬಂಧವೆಂದರೆ ಒಮ್ಮೆ ಇಸ್ತ್ರಿಪೆಟ್ಟಿಗೆ ಮುಟ್ಟಿ ಜುಂ ಎಂದದ್ದು ಮಾತ್ರ.

ಮಾಗಡಿ ರೋಡಿನಲ್ಲಿ ಬೈರಪ್ಪ ಎಂಬುವರ ಬ್ಯಾಟರಿ ಅಂಗಡಿ ಇದೆ. ಅವರು ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಚಿಕ್ಕ ಮಕ್ಕಳಿಗೆ ಹೇಳುವ ಹಾಗೆ ಎಲ್ಲ ತಿಳಿಸಿದರು. ಮನೆಯಲ್ಲಿ ಏನೇನು ಓಡುತ್ತದೆ, ಎಷ್ಟು ವ್ಯಾಟು, ದಿನಕ್ಕೆ ಎಷ್ಟು ಗಂಟೆ, ಎಲ್ಲ ಬರೆದು ಕೂಡಿಸಬೇಕು. ಅದೇ ಲೋಡ್ ಲಿಸ್ಟು. ಬಿಸಿಲಿನ ಕರೆಂಟ್ ತುಂಬಿಡುವ ಬ್ಯಾಟರಿಗಳನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಆದ್ದರಿಂದ ಬೇಕಾದ್ದಕ್ಕಿಂತ ಎರಡರಷ್ಟು ಇಡಬೇಕು. ಬಿಸಿಲು ಹನ್ನೆರಡು ಗಂಟೆ ಕಂಡರೂ ಸೋಲಾರ್ ಪ್ಯಾನಲ್‌ಗೆ ದಕ್ಕುವುದು ನಾಲ್ಕೂವರೆ ಗಂಟೆ ಎಂದು ಹಿಡಿಯಬೇಕು. ಮೋಡದ ದಿನಕ್ಕೆ ಅಂತ ಬೇರೆ ಒಂದಿಷ್ಟು ಸೇರಿಸಬೇಕು. ಕೊನೆಯಲ್ಲಿ ಹೇಳಿದರು: “ಲಿಸ್ಟ್ ಸರಿಯಾಗಿದ್ರೆ ಎಲ್ಲಾ ಸರಿ ಸಾರ್. ಮೇಡಂನೂ ಒಂದ್ಸಲ ಕರ್ಕೊಂಡ್ ಬನ್ನಿ.”

ನಾನು ನಸುನಕ್ಕೆ. ಇದು ಲೆಕ್ಕದ ವಿಷಯ. ಮೇಡಂ ಯಾಕೆ?

ಬೇಸಿಗೆ ರಜೆ ನಡೆಯುತ್ತಿತ್ತು. ಪ್ಲಗ್ಗಿಗೆ ಸಿಕ್ಕಿಸಿದರೆ ಎಷ್ಟು ಕರೆಂಟ್ ಹೋಯಿತೆಂದು ತೋರಿಸುವ ಸಣ್ಣ ಮೀಟರೊಂದನ್ನು ತಂದೆ. ಒಂದು ಉದ್ದ ನೋಟ್‌ಬುಕ್, ಸ್ಪೋರ್ಟ್ಸ್ ಡೇಗೆಂದು ಶಾಲೆಯಿಂದ ತಂದು ವಾಪಸ್ ಕೊಡಲು ಮರೆತ ಒಂದು ಸ್ಟಾಪ್‌ವಾಚು. ಇವಿಷ್ಟು ಆಯುಧಗಳೊಡನೆ ಏಳು ದಿನ ಸತ್ಯವತಿಯ ಹಿಂದೆ ಬಿದ್ದೆ. ಅವಳು ಮಿಕ್ಸಿಗೆ ಕೈ ಹಾಕಿದರೆ ‘ಒಂದ್ನಿಮಿಷ ಇರು’ ಎಂದು ಓಡಿ ಬರುತ್ತಿದ್ದೆ. ಮೂರನೆಯ ದಿನ ಅವಳು, ಮದುವೆಯಾದಾಗಿನಿಂದ ನಾನು ಅಡುಗೆಮನೆಯಲ್ಲಿ ಇಷ್ಟು ಹೊತ್ತು ನಿಂತದ್ದು ಇದೇ ಮೊದಲೆಂದೂ, ಹೇಗೂ ನಿಂತಿರುವುದರಿಂದ ಆ ಕಾಯಿ ತುರಿಯಬಹುದೆಂದೂ ಹೇಳಿದಳು. ನೋಟ್‌ಬುಕ್ಕಿನಲ್ಲಿ ಆ ದಿನದ ನಮೂದು ಈಗಲೂ ಇದೆ: ಕಾಯಿ ತುರಿ, ಸೊನ್ನೆ ವ್ಯಾಟ್, ಹೆಬ್ಬೆರಳಿಗೆ ಗಾಯ.

ವಾರದ ಕೊನೆಗೆ ಲೋಡ್ ಲಿಸ್ಟ್ ಸಿದ್ಧವಾಯಿತು. ಮೂರು ಬಲ್ಬು, ನಾಲ್ಕು ಗಂಟೆ. ಒಂದು ಫ್ಯಾನು, ಆರು ಗಂಟೆ. ಟಿವಿ ಎರಡು ಗಂಟೆ. ಮಿಕ್ಸಿ ಆರು ನಿಮಿಷ. ಫ್ರಿಜ್ಜು, ಫೋನು. ಎಲ್ಲ ಕೂಡಿದರೆ ದಿನಕ್ಕೆ ಒಂದೂಮುಕ್ಕಾಲು ಯೂನಿಟ್. ಎರಡು ಬ್ಯಾಟರಿ, ಒಂದೇ ಒಂದು ಪ್ಯಾನಲ್ ಸಾಕು. ಬೈರಪ್ಪ ಲಿಸ್ಟನ್ನು ಮೇಲಿಂದ ಕೆಳಗೆ ಓದಿದರು, ಕೆಳಗಿಂದ ಮೇಲೆ ಓದಿದರು.

“ಸಾರ್, ತಪ್ಪು ತಿಳ್ಕೋಬೇಡಿ. ಈ ಮನೇಲಿ ಜನ ಇರ್ತಾರೆ ತಾನೆ?”

ಇರುತ್ತಾರೆ ಎಂದೆ. ಸ್ಟಾಪ್‌ವಾಚ್ ಹಿಡಿದು ಅಳೆದ ಲೆಕ್ಕ ಇದು, ಊಹೆಯಲ್ಲ ಎಂದೆ. ಕೆಲವರು ಬಟ್ಟೆ ಹೊಲಿಸುವಾಗ ಉಸಿರು ಬಿಗಿಹಿಡಿದು ಅಳತೆ ಕೊಡುತ್ತಾರೆ, ಆಮೇಲೆ ಊಟಕ್ಕೆ ಕೂತಾಗ ಗುಂಡಿ ಕಿತ್ತು ಬರುತ್ತದೆ ಎಂದು ಅವರು ಏನೋ ಹೇಳಿದರು. ಇನ್ನೆರಡು ಬ್ಯಾಟರಿ, ಮೋಡಕ್ಕೆಂದು ಇನ್ನೊಂದು ಪ್ಯಾನಲ್ ಹಾಕಿಸಿಕೊಳ್ಳಿ ಎಂದರು. ನಾನು ನೆತ್ತಿಯ ಮೇಲೆ ಧಗಧಗಿಸುತ್ತಿದ್ದ ಮೇ ತಿಂಗಳ ಸೂರ್ಯನನ್ನು ಬೊಟ್ಟುಮಾಡಿ ತೋರಿಸಿದೆ. ಬೈರಪ್ಪ ಬಿಲ್ ಬುಕ್ ತೆಗೆದರು. ಸೂರ್ಯನನ್ನೇ ಸಾಕ್ಷಿಗೆ ನಿಲ್ಲಿಸಿದವನ ಹತ್ತಿರ ಏನು ವಾದ?

ಜ್ಯೇಷ್ಠದ ಒಂದು ಶುಕ್ರವಾರ ಹಾಲು ಉಕ್ಕಿತು. ನೆಂಟರೆಲ್ಲ ಹೋದ ಮೇಲೆ ಸಂಜೆ ಸತ್ಯವತಿ ಮನೆಯ ಎಲ್ಲ ಲೈಟನ್ನೂ ಒಂದೊಂದಾಗಿ ಹಾಕಿದಳು. ಬಚ್ಚಲುಮನೆಯದು, ಹಿತ್ತಿಲದು, ದೇವರಮನೆಯದು. ಆಮೇಲೆ ಚಪ್ಪಲಿ ಮೆಟ್ಟಿ ರಸ್ತೆಯ ಆಚೆ ಬದಿಗೆ ಹೋಗಿ ನಿಂತು ಮನೆಯನ್ನು ನೋಡಿದಳು. ಸುತ್ತ ಖಾಲಿ ಸೈಟುಗಳ ಮಬ್ಬುಗತ್ತಲೆಯಲ್ಲಿ ನಮ್ಮದೊಂದು ಮನೆ, ತೇರಿಲ್ಲದೆ ಬಂದ ಉತ್ಸವಮೂರ್ತಿಯ ಹಾಗೆ ಬೆಳಗುತ್ತಿತ್ತು. ವಾಪಸ್ ಬಂದು ಪೋರ್ಟಿಕೋದ ಮೆಟ್ಟಿಲ ಮೇಲೆ ಕೂತಳು. ಕೈಯಲ್ಲಿ ಸೊಪ್ಪಿಲ್ಲ, ಹೂವಿಲ್ಲ, ಫೋನೂ ಇಲ್ಲ. ಏನು ಮಾಡುತ್ತಿದ್ದೀಯೆ ಎಂದು ಕೇಳಿದೆ.

“ಏನೂ ಇಲ್ಲ. ಲೈಟ್ ಹಾಕ್ಕೊಂಡು ಕೂತಿದೀನಿ” ಎಂದಳು.

ಮೂರು ದಿನ ನಮ್ಮ ಮನೆಯ ಸುವರ್ಣಯುಗ. (ಚರಿತ್ರೆಯಲ್ಲಿ ಸುವರ್ಣಯುಗ ಎಂದು ಬಂದರೆ ಮುಂದಿನ ಅಧ್ಯಾಯ ಏನೆಂದು ನಾನು ಮಕ್ಕಳಿಗೆ ಹೇಳಿಕೊಡುತ್ತೇನೆ. ನನಗೇ ಹೊಳೆಯಲಿಲ್ಲ.) ಗ್ರೈಂಡರ್ ಪೆಟ್ಟಿಗೆಯಿಂದ ಹೊರಬಂದು ಮುಕ್ಕಾಲು ಗಂಟೆ ತಿರುಗಿತು. ಇಡ್ಲಿ ಮಲ್ಲಿಗೆಯಾಯಿತು. ಸತ್ಯವತಿ ಅರ್ಧ ಹಿಟ್ಟನ್ನು ಹಿಂದಿನ ರಸ್ತೆಯ ಎರಡು ಮನೆಗಳಿಗೆ ಹಂಚಿ ಪರಿಚಯ ಮಾಡಿಕೊಂಡು ಬಂದಳು. ರೇಡಿಯೋ ಹಾಕಿಕೊಂಡು ಹಾಡು ಗುನುಗುತ್ತಾ ಅಡುಗೆ ಮಾಡಿದಳು. ಅವಳಿಗೆ ಹಾಡು ಬರುತ್ತದೆಂದು ನನಗೆ ಆಗಲೇ ಗೊತ್ತಾದದ್ದು.

ನಾಲ್ಕನೆಯ ದಿನ ನಲ್ಲಿಯಲ್ಲಿ ನೀರು ನಿಂತಿತು. ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರೆತ್ತುವ ಮೋಟಾರ್ ಎಂಬುದೊಂದು ಪ್ರಪಂಚದಲ್ಲಿದೆ. ಬಾಡಿಗೆ ಮನೆಯಲ್ಲಿ ಅದನ್ನು ಓನರಮ್ಮ ಹಾಕುತ್ತಿದ್ದರು, ಆದ್ದರಿಂದ ಅದು ನನ್ನ ಲಿಸ್ಟಿನಲ್ಲಿರಲಿಲ್ಲ. ಸ್ವಿಚ್ ಒತ್ತಿದೆ. ಇನ್ವರ್ಟರ್ ಕುಯ್ಯೋ ಎಂದು ಕೂಗಿ ಪ್ರಜ್ಞೆ ತಪ್ಪಿತು. ಅಂದಿನಿಂದ ಶಾಲೆಗೆ ಹೋಗುವ ಮುನ್ನ ಸಂಪಿಗೆ ಹಗ್ಗ ಕಟ್ಟಿದ ಬಕೆಟ್ ಇಳಿಬಿಟ್ಟು ನೀರು ಸೇದುವುದು ನನ್ನ ಕೆಲಸವಾಯಿತು. ಹಿಂದಿನ ರಸ್ತೆಯವರು ಅದನ್ನು ವ್ಯಾಯಾಮ ಎಂದುಕೊಂಡರು. ನಾನೂ ತಿದ್ದಲಿಲ್ಲ.

ಆಮೇಲೆ ಮೋಡ ಕವಿಯಿತು. ಬೆಂಗಳೂರಿನ ಜೂನ್ ತಿಂಗಳ ಮೋಡ: ಮಳೆಯನ್ನೂ ಸುರಿಸದು, ದಾರಿಯನ್ನೂ ಬಿಡದು. ನಡುಮನೆಯ ಗೋಡೆಯಲ್ಲಿ ಬ್ಯಾಟರಿಯ ಶೇಕಡಾವಾರು ತೋರಿಸುವ ಡಬ್ಬಿಯೊಂದಿತ್ತು. ತೊಂಬತ್ತಾರು ಇದ್ದದ್ದು ಎಪ್ಪತ್ತಾಯಿತು, ಅರವತ್ತೊಂದಾಯಿತು, ಐವತ್ತೆರಡಾಯಿತು. ನಾನು ಹೆಂಡತಿಯ ಮುಖ ನೋಡುವುದು ಬಿಟ್ಟು ಡಬ್ಬಿಯ ಮುಖ ನೋಡತೊಡಗಿದೆ. ಬೆಳಿಗ್ಗೆ ಎದ್ದು ಅಂಗೈ ನೋಡಿಕೊಳ್ಳುವ ಪದ್ಧತಿ ಹೋಗಿ ಡಬ್ಬಿ ನೋಡುವ ಪದ್ಧತಿ ಬಂತು. ಮೊದಮೊದಲು ಮೆಲ್ಲಗೆ, ಆ ಹಿತ್ತಿಲ ಲೈಟ್ ಈಗ ಬೇಕಾ ಎಂದು ಕೇಳುತ್ತಿದ್ದೆ. ಆಮೇಲೆ ಕೇಳುವುದು ಹೋಗಿ ಹೇಳುವುದಾಯಿತು. ಕೊನೆಗೆ ಬಿಳಿಹಾಳೆಯಲ್ಲಿ ಕೆಂಪು ಶಾಯಿಯಿಂದ ಒಂದು ಶಾಸನ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಮಿಕ್ಸಿಗೆ ಹನ್ನೊಂದರಿಂದ ಒಂದರವರೆಗೆ ಮಾತ್ರ ಅಪ್ಪಣೆ. ಗ್ರೈಂಡರ್ ಮುಂದಿನ ಆದೇಶದವರೆಗೆ ನಿಷಿದ್ಧ. ಒಂದು ಕಾಲಕ್ಕೆ ಒಂದೇ ದೀಪ. ಇಸ್ತ್ರಿಪೆಟ್ಟಿಗೆಯ ಹೆಸರೆತ್ತಕೂಡದು.

ಸತ್ಯವತಿ ಅದನ್ನು ಓದಿದಳು. ಏನೂ ಅನ್ನಲಿಲ್ಲ. ನಾನು ಅದನ್ನು ಸಮ್ಮತಿ ಎಂದುಕೊಂಡೆ. (ರಾಜರೂ ಹಾಗೇ ಅಂದುಕೊಂಡಿರಬೇಕು.) ಒಂದು ಸಂಜೆ ಶಾಲೆಯಿಂದ ಬಂದರೆ ಮನೆಯೆಲ್ಲ ಕತ್ತಲೆ. ಡಬ್ಬಿ ನೋಡಿದೆ: ಎಪ್ಪತ್ತೊಂದು. ಅಷ್ಟು ಖುಷಿಯಾಯಿತು. ಅಡುಗೆಮನೆಯ ಕಿಟಕಿಯ ಮಬ್ಬು ಬೆಳಕಿನಲ್ಲಿ ಸತ್ಯವತಿ ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. ಅವಳಿಗೆ ಎಪ್ಪತ್ತೊಂದರ ಶುಭವಾರ್ತೆ ಹೇಳಿದೆ. “ಹೌದಾ” ಎಂದಳು.

ಆ ಭಾನುವಾರ ಸಂಜೆ ನಾನು ಒಳರೂಮಿನಲ್ಲಿ ಉತ್ತರಪತ್ರಿಕೆ ತಿದ್ದುತ್ತಾ ಕೂತಿದ್ದೆ. ಹೊರಗೆ ಗೇಟಿನ ಸದ್ದಾಯಿತು, ಹಿಂದೆಯೇ ಸ್ವಿಚ್ಚಿನ ಟಕ್ ಸದ್ದು, ಅದರ ಹಿಂದೆ ಇನ್ನೊಂದು ಟಕ್. ಬಾಗಿಲ ಸಂದಿಯಲ್ಲಿ ನಡುಮನೆಯ ಬೆಳಕೂ ಪೋರ್ಟಿಕೋದ ಬೆಳಕೂ ಒಟ್ಟಿಗೆ ಕಂಡವು. ತಲೆಯೆತ್ತಲಿಲ್ಲ, ಯೋಚಿಸಲೂ ಇಲ್ಲ. ಬಾಯಿ ತಾನಾಗಿ ತೆರೆಯಿತು.

“ಸತ್ಯಾ, ಲೈಟು.”

ಲೈಟ್ ಆರಲಿಲ್ಲ. ಎದ್ದು ಬಂದು ನೋಡಿದರೆ ಸೋಫಾದ ಮೇಲೆ ಮಡಿಲಲ್ಲಿ ಮಾವಿನಹಣ್ಣಿನ ಚೀಲ ಇಟ್ಟುಕೊಂಡು ಕೂತಿದ್ದಾರೆ ಭುವನೇಶ್ವರಿ. ಹೊಸ ಮನೆ ನೋಡಲೆಂದು ಗೋವಿಂದರಾಜನಗರದಿಂದ ಬಂದಿದ್ದಾರೆ. ಆಕೆ ನನ್ನನ್ನು ನೋಡಲಿಲ್ಲ, ಸತ್ಯವತಿಯನ್ನು ನೋಡಿದರು.

“ನಾನೂ ಹಿಂಗೇ ಕೂಗ್ತಿದ್ನಾ ಸತ್ಯಾ?”

“ನೀವು ದಿನಕ್ಕೆ ಎರಡು ಸಲ ಕೂಗ್ತಿದ್ರಿ ಅಮ್ಮ” ಎಂದಳು ಸತ್ಯವತಿ. “ಇವ್ರು ಗಂಟೆಗೆರಡು ಸಲ.”

ಭುವನೇಶ್ವರಿ ನಗುವರೇನೋ ಎಂದುಕೊಂಡೆ. ನಗಲಿಲ್ಲ. ಸೆರಗಿನ ತುದಿ ಸುತ್ತುತ್ತಾ, “ನಮ್ಮೆಜಮಾನ್ರು ಹೋದ್ಮೇಲೆ ಆ ಮನೇಲಿ ನನ್ ಮಾತು ಕೇಳ್ತಿದ್ದಿದ್ದು ಆ ಮೀಟರ್ ಒಂದೇ ಕಣೇ” ಎಂದರು. “ನಾನು ಕೂಗಿದ್ರೆ ನಿಧಾನ ಆಗೋದು. ಅಷ್ಟಕ್ಕೇ ಕೂಗ್ತಿದ್ದೆ. ನೀವು ಹೋದ್ಮೇಲೆ ಮೇಲ್ಗಡೆ ಕತ್ಲೆ. ನೋಡಕ್ಕಾಗಲ್ಲ, ನಾನೇ ಹತ್ತಿ ಹೋಗಿ ಒಂದ್ ಲೈಟ್ ಹಾಕ್ಬರ್ತೀನಿ.”

ಆಮೇಲೆ ನನ್ನ ಕಡೆ ತಿರುಗಿ, ಮೇಷ್ಟ್ರಿಗೆ ಏನು ಕಷ್ಟ ಬಂದಿದೆ ಎಂದು ವಿಚಾರಿಸಿದರು. ಐವತ್ತೆಂಟು ಪರ್ಸೆಂಟ್ ಎಂದು ಹೇಳುವ ಬದಲು ಮಾವಿನಹಣ್ಣಿನ ಚೀಲ ಈಸಿಕೊಂಡೆ.

ಆಕೆಯನ್ನು ಆಟೋ ಹತ್ತಿಸಿ ಬಂದರೆ ಸತ್ಯವತಿ ಕತ್ತಲಲ್ಲಿ ಕಾಫಿ ಲೋಟ ತೊಳೆಯುತ್ತಿದ್ದಳು. ಲೈಟ್ ಹಾಕಿಕೋ ಎಂದೆ.

“ಬೇಡ ಬಿಡಿ. ಅಭ್ಯಾಸ ಇದೆ.”

ಸಿಟ್ಟಿಲ್ಲದೆ ಹೇಳಿದಳು, ಅದನ್ನೇ ತಡೆಯಲಾಗಲಿಲ್ಲ. ಅಲ್ಲೇ ಫ್ರಿಜ್ಜಿಗೆ ಒರಗಿ ನಿಂತವನಿಗೆ ಮೊದಲ ಬಾರಿಗೆ ಆ ಲಿಸ್ಟು ಅರ್ಥವಾಯಿತು. ಸ್ಟಾಪ್‌ವಾಚ್ ಹಿಡಿದು ಏಳು ದಿನ ನಾನು ಅಳೆದದ್ದು ನಮ್ಮ ಮನೆಗೆ ಬೇಕಾದ ಕರೆಂಟನ್ನಲ್ಲ. ಕೆಳಗಿನಿಂದ ಎಲ್ಲಿ ಕೂಗು ಬರುತ್ತದೋ ಎಂದು ಹತ್ತೊಂಬತ್ತು ವರ್ಷ ಕಿವಿ ನೆಟ್ಟಗೆ ಮಾಡಿಕೊಂಡು ಬದುಕಿದವಳ ಅಳುಕನ್ನು. ಅದು ದಿನಕ್ಕೆ ಒಂದೂಮುಕ್ಕಾಲು ಯೂನಿಟ್ ಬಂದಿತ್ತು. ಅಳತೆಯಲ್ಲಿ ಒಂದು ಚೂರೂ ತಪ್ಪಿರಲಿಲ್ಲ.

ಶಾಸನವನ್ನು ಕಿತ್ತೆ. (ಗೋಂದು ಗಟ್ಟಿಯಾಗಿತ್ತು, ‘ಅಪ್ಪಣೆ’ ಎಂಬಷ್ಟು ಭಾಗ ಇನ್ನೂ ಫ್ರಿಜ್ಜಿನ ಮೇಲಿದೆ.) ಮಾರನೆಯ ದಿನ ಅರ್ಧ ದಿನ ರಜೆ ಹಾಕಿ, ಮೇಡಂನನ್ನು ಕರೆದುಕೊಂಡು ಬೈರಪ್ಪನವರ ಅಂಗಡಿಗೆ ಹೋದೆ. ಬೈರಪ್ಪ ಆಶ್ಚರ್ಯಪಡಲಿಲ್ಲ. ಅದೇ ಸ್ಟೂಲನ್ನು ಒರೆಸಿ ಸತ್ಯವತಿಗೆ ಕೊಟ್ಟರು. ನನಗೆ ನಿಲ್ಲಲು ಬ್ಯಾಟರಿಗಳ ನಡುವೆ ಜಾಗ ಸಿಕ್ಕಿತು.

ಅವರು ಕೇಳುತ್ತಾ ಹೋದರು, ಅವಳು ಹೇಳುತ್ತಾ ಹೋದಳು. ಗ್ರೈಂಡರ್ ದಿನ ಬಿಟ್ಟು ದಿನ ಮುಕ್ಕಾಲು ಗಂಟೆ. ಮೋಟಾರ್ ಇಪ್ಪತ್ತು ನಿಮಿಷ, ಅದೂ ಬಿಸಿಲಿದ್ದಾಗ. ಇಸ್ತ್ರಿ ಭಾನುವಾರ ಮಧ್ಯಾಹ್ನ. ಅಡುಗೆಮನೆ ಲೈಟು ಆರರಿಂದ ಒಂಬತ್ತು. ಒಂದು ಕಡೆಯೂ ತಡವರಿಸಲಿಲ್ಲ. ನನ್ನ ಏಳು ದಿನದ ಸಂಶೋಧನೆಯನ್ನು ಅವಳು ಏಳು ನಿಮಿಷದಲ್ಲಿ ನೋಟ್‌ಬುಕ್ಕಿಲ್ಲದೆ ಮುಗಿಸಿದಳು. ಟಿವಿಗೆ ಬಂದಾಗ ಮಾತ್ರ ಬೈರಪ್ಪ ಹಳೆಯ ಲಿಸ್ಟ್ ನೋಡಿ ಎರಡು ಗಂಟೆ ಎಂದು ಬರೆಯಲು ಹೋದರು.

“ಅರ್ಧ ಗಂಟೆ ಬರ್ಕೊಳ್ಳಿ” ಎಂದಳು ಸತ್ಯವತಿ. “ಅಷ್ಟೇ ಇವ್ರು ನೋಡೋದು. ಆಮೇಲೆ ನಿದ್ದೆ. ಟಿವಿ ಇವ್ರನ್ನ ನೋಡ್ತಾ ಇರುತ್ತೆ.”

ನಾನು ಆಕ್ಷೇಪಣೆ ಎತ್ತಿದೆ. ಕಣ್ಣು ಮುಚ್ಚಿಕೊಂಡು ವಾರ್ತೆ ಕೇಳುವ ಅಭ್ಯಾಸ ನನ್ನದು ಎಂದೆ. ಗೊರಕೆ ಹೊಡೆಯುತ್ತಾ ಹೇಗೆ ಕೇಳಿಸುತ್ತದೆ ಎಂದು ಬೈರಪ್ಪ ತಾಂತ್ರಿಕವಾದ ಸಂದೇಹವೊಂದನ್ನು ವ್ಯಕ್ತಪಡಿಸಿದರು. ನಾನು ಆಕ್ಷೇಪಣೆ ವಾಪಸ್ ತೆಗೆದುಕೊಂಡೆ. ಅರ್ಧ ಗಂಟೆಯಾದ ಮೇಲೆ ತಾನಾಗಿ ಆರುವ ಟೈಮರ್ ಒಂದಿದೆ ಮೇಡಂ, ಹಾಕಿಸಿಬಿಡಲೇ ಎಂದು ಅವರು ಕೇಳಿದರು. ಮೇಡಂ ಹೂಂ ಎಂದಳು.

ಕೊನೆಗೆ ಉಳಿದದ್ದು ಪೋರ್ಟಿಕೋದ ಲೈಟು. ಎಷ್ಟು ಗಂಟೆ ಎಂದು ಬೈರಪ್ಪ ಪೆನ್ನು ಹಿಡಿದು ಕಾದರು. ಅವಳು ಲಿಸ್ಟಿನ ಮೇಲೆ ಅಂಗೈ ಇಟ್ಟಳು.

“ಅದಕ್ಕೆ ಲೆಕ್ಕ ಬೇಡ. ಲೆಕ್ಕ ಇಲ್ದಿರೋ ಲೈಟ್ ಒಂದಾದ್ರೂ ಇರ್ಲಿ.”

“ಲೆಕ್ಕ ಇಲ್ದೆ ಬ್ಯಾಟರಿ ಹೆಂಗ್ ಕೊಡ್ಲಿ ಮೇಡಂ?”

“ಇವ್ರ ಟಿವೀದು ಒಂದೂವರೆ ಗಂಟೆ ಉಳೀತಲ್ಲ, ಅದ್ರಲ್ಲಿ ಹಿಡೀರಿ.”

ಬೈರಪ್ಪ ಕ್ಯಾಲ್ಕುಲೇಟರ್ ಒತ್ತಿದರು. ಟಿವಿ ಅರವತ್ತು ವ್ಯಾಟು, ಒಂದೂವರೆ ಗಂಟೆಗೆ ತೊಂಬತ್ತು. ಒಂಬತ್ತು ವ್ಯಾಟಿನ ಬಲ್ಬು ಅಷ್ಟರಲ್ಲಿ ಹತ್ತು ಗಂಟೆ ಉರಿಯುತ್ತದೆ. ಅವರು ಇನ್ನೊಮ್ಮೆ ಒತ್ತಿ ನೋಡಿದರು, ಅಷ್ಟೇ ಬಂತು. ಆಮೇಲೆ ನನ್ನ ಕಡೆ ಒಂದು ನೋಟ ಬೀರಿದರು. ಇಂಥವರನ್ನು ಮನೆಯಲ್ಲಿಟ್ಟುಕೊಂಡು ಸ್ಟಾಪ್‌ವಾಚ್ ಯಾಕೆ ಹುಡುಕಿಕೊಂಡು ಹೋದಿರಿ ಎಂದು ಆ ನೋಟಕ್ಕೆ ಅರ್ಥ.

ಎರಡಿದ್ದ ಬ್ಯಾಟರಿ ಆರಾದವು. ಒಂದಿದ್ದ ಪ್ಯಾನಲ್ ಮೂರಾದವು. ಇನ್ವರ್ಟರ್ ದೊಡ್ಡದು ಬಂತು, ಮೋಟಾರ್ ಹಾಕಿದರೆ ಉಸಿರೆತ್ತುವುದಿಲ್ಲ. ಆಷಾಢದ ಮೋಡ ಹಾಗೇ ನಿಂತಿದ್ದರೂ ಮನೆಯಲ್ಲಿ ಇಡ್ಲಿಗೆ ಬರವಿಲ್ಲ. ಶೇಕಡಾವಾರಿನ ಡಬ್ಬಿಯನ್ನು ಸತ್ಯವತಿ ನಡುಮನೆಯಿಂದ ತೆಗೆಸಿ ಮಹಡಿ ಮೆಟ್ಟಿಲ ಕೆಳಗೆ, ಪೊರಕೆ ನೇತುಹಾಕುವ ಮೊಳೆಯ ಪಕ್ಕದಲ್ಲಿ ಹಾಕಿಸಿದ್ದಾಳೆ. ಪೊರಕೆ ಅದಕ್ಕೆ ಅಡ್ಡವಾಗಿದೆ. ಸದ್ಯಕ್ಕೆ ಈ ಮನೆಯಲ್ಲಿ ರೇಷನ್ನಿನ ಮೇಲೆ ಬದುಕುತ್ತಿರುವವನು ನಾನೊಬ್ಬನೇ.

ನಿನ್ನೆ ಏಳು ಗಂಟೆಗೆ ವಾರ್ತೆ ಹಾಕಿದೆ. ಏಳೂವರೆಗೆ, ಯಾವುದೋ ಊರಿನಲ್ಲಿ ಯಾವುದೋ ಸಭೆ ಇನ್ನೇನು ತೀರ್ಮಾನಕ್ಕೆ ಬರುತ್ತದೆ ಎನ್ನುವಾಗ ಟಿವಿ ಪಟ್ಟನೆ ಆರಿತು. ಆ ನಿಶ್ಶಬ್ದಕ್ಕೆ ಎಚ್ಚರವಾಯಿತು. ಮಾಡಲು ಬೇರೇನೂ ತೋಚದೆ ಎದ್ದು ಹೊರಗೆ ಬಂದೆ. ಸತ್ಯವತಿ ಮೆಟ್ಟಿಲ ಮೇಲೆ, ಕೈಯಲ್ಲಿ ಏನೂ ಇಲ್ಲದೆ ಕೂತಿದ್ದಳು. ಒಂದು ಗೇಣು ಸರಿದು ಜಾಗ ಬಿಟ್ಟಳು. ಕೂತೆ. ಸ್ವಲ್ಪ ಹೊತ್ತಾದ ಮೇಲೆ ಅವಳು ಗಲ್ಲವೆತ್ತಿ ತಲೆಯ ಮೇಲಿನ ಬಲ್ಬನ್ನು ತೋರಿಸಿದಳು.

“ನಿಮ್ಮ ಟಿವಿ ಇಲ್ಲಿ ಎಷ್ಟು ಚೆನ್ನಾಗಿ ಬರ್ತಾ ಇದೆ ನೋಡಿ.”

ನೋಡುತ್ತಾ ಕೂತೆ. ನಿದ್ದೆ ಬರಲಿಲ್ಲ.